ಸೈಟಿನ ಕೆಳಗಿನ ಗದ್ದೆ

ಮನೆ ಪ್ಲಾನ್ ಹಾಕಿಸಲು ಬರುವವರು ಮೊದಲು ಕೇಳುವುದು, ಬಾಗಿಲು ಯಾವ ದಿಕ್ಕಿಗೆ ಬರಬೇಕು ಅಂತ. ಆಮೇಲೆ ದೇವರ ಮನೆ. ಆಮೇಲೆ ಕಾರು ಒಳಗೆ ನಿಲ್ಲುತ್ತದಾ ಇಲ್ಲವಾ. ಮಳೆ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂದು ಕೇಳುವವರು ಬಹಳ ಕಡಿಮೆ. ನಾನೇ ಎತ್ತಿದರೆ, "ಅದಕ್ಕೇನು ಸಾರ್, ಚರಂಡಿ ಇದೆಯಲ್ಲ" ಅನ್ನುತ್ತಾರೆ.

ಶಿವಮೊಗ್ಗದಲ್ಲಿ ಪ್ಲಾನ್ ಬರೆದು ಜೀವನ ಮಾಡುವವನು ನಾನು. ಮೂವತ್ತು ನಲವತ್ತರ ಸೈಟುಗಳೇ ನನ್ನ ಅನ್ನ. ಈ ಕೆಲಸದಲ್ಲಿ ಇದ್ದೂ ಇದ್ದೂ ಊರಿನ ಬಗ್ಗೆ ಒಂದು ಅಭಿಪ್ರಾಯ ಗಟ್ಟಿಯಾಗಿದೆ. ಈ ಊರಿನ ಆಕಾರವನ್ನು ಬಹುಮಟ್ಟಿಗೆ ತೀರ್ಮಾನ ಮಾಡಿದ್ದು ನೀರು. ಮೊದಲು ತುಂಗಾ ಹೊಳೆ, ಆಮೇಲೆ ಚಾನಲ್, ಅಂದರೆ ನೀರಾವರಿ ನಾಲೆ. ರಸ್ತೆ, ರೈಲು, ಲೇಔಟ್ ಎಲ್ಲ ಅದರ ಮೇಲೆ ಬಂದು ಕೂತವು. ಕೂತ ಮೇಲೂ ಕೆಳಗಿರುವುದು ಸುಮ್ನೆ ಇಲ್ಲ.

ನನ್ನ ಟೇಬಲ್ ಮೇಲೆ ಸಾಮಾನ್ಯವಾಗಿ ಎರಡು ಹಾಳೆ ಇರುತ್ತವೆ. ಒಂದು ಲೇಔಟ್ ನಕ್ಷೆ, ಇನ್ನೊಂದು ಅದೇ ಜಾಗದ ಹಳೇ ಗ್ರಾಮ ನಕಾಶೆ. ಲೇಔಟ್ ನಕ್ಷೆಯಲ್ಲಿ ಎಲ್ಲವೂ ನೆಟ್ಟಗೆ. 30 ಅಡಿ ರಸ್ತೆ, 40 ಅಡಿ ರಸ್ತೆ, ಎರಡೂ ಬದಿಗೆ ಒಂದೇ ಅಳತೆಯ ಸೈಟುಗಳು, ಮೂಲೆಯಲ್ಲಿ ಪಾರ್ಕು, ಮಾರಾಟಕ್ಕೆ ಆಗದ ಸೊಟ್ಟ ತುಂಡಿನಲ್ಲಿ ಸಿ.ಎ. ಸೈಟು, ಅಂದರೆ ಸಾರ್ವಜನಿಕ ಸೌಲಭ್ಯಕ್ಕೆ ಬಿಟ್ಟ ಜಾಗ. ಗ್ರಾಮ ನಕಾಶೆಯಲ್ಲಿ ನೆಟ್ಟಗಿನ ಗೆರೆ ಹುಡುಕಿದರೂ ಸಿಗುವುದಿಲ್ಲ. ಸರ್ವೆ ನಂಬರುಗಳು ಇಳಿಜಾರು ಹೋದ ಹಾಗೆ ಬಳುಕಿಕೊಂಡು ಹೋಗುತ್ತವೆ. ಹಳ್ಳ ಇದೆ, ಬಂಡಿದಾರಿ ಇದೆ, ಕಾಲುದಾರಿ ಇದೆ. ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದರೆ ಯಾವ ಸೈಟಿನ ಯಾವ ಮೂಲೆ ಮೆತ್ತಗಿದೆ ಅಂತ ಜಾಗಕ್ಕೆ ಹೋಗುವ ಮೊದಲೇ ಗೊತ್ತಾಗುತ್ತದೆ. ಕಂಪ್ಯೂಟರಿನಲ್ಲೂ ಮಾಡಬಹುದು. ಕಾಗದದಲ್ಲಿ ಮಾಡುವುದು ನನಗೆ ಇಷ್ಟ, ಅಷ್ಟೇ.

ಲೆಕ್ಕ ಸರಳ. 33 ಅಡಿ ಚೌಕ ಅಂದರೆ ಒಂದು ಗುಂಟೆ, 1,089 ಚದರಡಿ. ಅಂಥ 40 ಗುಂಟೆ ಒಂದು ಎಕರೆ. ಅದರಲ್ಲಿ ರಸ್ತೆಗೆ, ಪಾರ್ಕಿಗೆ, ಸಿ.ಎ. ಜಾಗಕ್ಕೆ ಬಿಟ್ಟು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಸೈಟಿಗೆ ಉಳಿಯುತ್ತದೆ. ಅಂದರೆ ಒಂದು ಎಕರೆ ಗದ್ದೆಗೆ ಇಪ್ಪತ್ತರ ಆಸುಪಾಸು ಸೈಟು. ಗದ್ದೆಯ ಯಜಮಾನರಿಗೆ ಈ ಲೆಕ್ಕ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಭತ್ತದ ದರವೂ ಗೊತ್ತಿರುತ್ತದೆ. ಆಮೇಲೆ ಮಾತಾಡಲು ಏನೂ ಉಳಿಯುವುದಿಲ್ಲ.

ಗೋಪಾಳದ ಆಚೆ ಒಂದು ಲೇಔಟಿನಲ್ಲಿ ಪಾಯಕ್ಕೆ ಗುರುತು ಹಾಕಿಸುತ್ತಿದ್ದೆ. ಸುಣ್ಣದ ಪುಡಿ ಉದುರಿಸುವುದನ್ನು ನೋಡುತ್ತಾ ಒಬ್ಬ ಅಜ್ಜ ನಿಂತಿದ್ದರು. ಹಿಂದೆ ಆ ಗದ್ದೆ ಅವರದೇ.

"ಇಲ್ಲಿ ಏನು ಬರುತ್ತೆ ತಮ್ಮಾ?"

"ಅಡುಗೆಮನೆ ಅಜ್ಜಾ."

"ಗಂಡಿ ಇದ್ದ ಜಾಗ ಇದು. ಮೇಲಿನ ಮಡಿ ನೀರೆಲ್ಲ ಇಲ್ಲಿಂದಲೇ ಕೆಳಗೆ ಇಳೀತಿತ್ತು."

ಸೈಟಿನ ಯಜಮಾನರು ನಕ್ಕರು. ಅಡುಗೆಮನೆಯಲ್ಲಿ ನೀರಿಗೆ ಬರ ಇರಲ್ಲ ಬಿಡಿ ಅಂದರು. ಪಾಯ ತೆಗೆಯುವಾಗ ಆ ಮೂಲೆಯಲ್ಲಿ ಮಾತ್ರ ನಾಲ್ಕು ಅಡಿಗೇ ಜವುಗು ಸಿಕ್ಕಿತು. ಕಪ್ಪು ಮಣ್ಣು, ಹಾರೆಗೆ ಅಂಟಿಕೊಂಡೇ ಮೇಲೆ ಬರುತ್ತಿತ್ತು. ಗುಂಡಿಯ ಪಕ್ಕದಿಂದ ತಣ್ಣಗೆ ನೀರು ಒಸರುತ್ತಿತ್ತು. ಉಳಿದ ಮೂರು ಮೂಲೆ ಅಷ್ಟು ಹೊತ್ತಿಗೆ ಗಟ್ಟಿ ಸಿಕ್ಕು ಮುಗಿದಿತ್ತು. ಮೇಸ್ತ್ರಿ ತಲೆ ಎತ್ತಿ, "ಸಾರ್, ಇದು ಗದ್ದೆ ಮಣ್ಣು. ಗಟ್ಟಿ ಸಿಗೋವರೆಗೂ ಹೋಗ್ಲೇಬೇಕು" ಅಂದ. ಹೋದೆವು. ಕಬ್ಬಿಣ ಜಾಸ್ತಿ ಹಾಕಿದೆವು, ಕಾಲಮ್ಮುಗಳನ್ನು ಕೆಳಗೆ ಬೀಮಿನಿಂದ ಕಟ್ಟಿದೆವು. ಆ ಮನೆ ಈಗ ಚೆನ್ನಾಗಿಯೇ ಇದೆ. ಆದರೆ ಆ ಗಂಡಿಯಲ್ಲಿ ಇಳಿಯುತ್ತಿದ್ದ ನೀರು ಎಲ್ಲಿಗೆ ಹೋಯಿತು? ಹಿಂದಿನ ಸೈಟಿನವರು ಮಳೆಗಾಲದಲ್ಲಿ ಕಾಂಪೌಂಡ್ ಗೋಡೆಯ ಬುಡ ಯಾಕೆ ಒಣಗುವುದಿಲ್ಲ ಅಂತ ತಲೆ ಕೆರೆದುಕೊಳ್ಳುತ್ತಿದ್ದಾರೆ.

ಆ ಅಜ್ಜನಿಗೆ ಆ ಗದ್ದೆ ಬಂದದ್ದು ಡಿಕ್ಲರೇಷನ್ ಹಾಕಿ, ಅಂದರೆ ಗೇಣಿಗೆ ಉಳುತ್ತಿದ್ದ ಜಮೀನು ತನಗೇ ಕೊಡಿ ಅಂತ ಅರ್ಜಿ ಕೊಟ್ಟು. 1974ರ ಭೂಸುಧಾರಣೆಯ ಹೊತ್ತಿಗೆ ಫಾರಂ 7 ತುಂಬಿ ಕೊಟ್ಟ ಗೇಣಿದಾರರಲ್ಲಿ ಅವರೂ ಒಬ್ಬರು. ಕಾಗೋಡಿನಲ್ಲಿ 1951ರಲ್ಲಿ ಶುರುವಾದ ಗೇಣಿ ರೈತರ ಹೋರಾಟ ಈ ಜಿಲ್ಲೆಯದೇ. ಅಲ್ಲಿಂದ ಕಾನೂನಿನವರೆಗೆ ಇಪ್ಪತ್ತು ವರ್ಷಕ್ಕೂ ಜಾಸ್ತಿ ಹಿಡಿಯಿತು. ಹಾಗೆ ಸಿಕ್ಕ ಗದ್ದೆ ಸೈಟಾಗಲು ಒಂದು ತಲೆಮಾರು ಸಾಕಾಯಿತು. ಇದರಲ್ಲಿ ಅಜ್ಜನ ಮಕ್ಕಳ ತಪ್ಪು ಹುಡುಕಲು ನನಗೆ ಮನಸ್ಸಿಲ್ಲ. ನಾಟಿಗೆ ಆಳು ಸಿಗದ ಊರಲ್ಲಿ, ಪಕ್ಕದ ಗದ್ದೆಗಳೆಲ್ಲ ಮಣ್ಣು ಹೊಡೆಸಿಕೊಂಡು ಎತ್ತರವಾದ ಮೇಲೆ, ನಡುವೆ ಒಂದೇ ಗದ್ದೆ ತಗ್ಗಿನಲ್ಲಿ ಉಳಿದರೆ ಅದು ಗದ್ದೆಯಾಗಿಯೂ ಇರುವುದಿಲ್ಲ. ಊರಿನ ಕೊಳಚೆಯೆಲ್ಲ ಅದಕ್ಕೇ ಬರುತ್ತದೆ.

ಈ ಗದ್ದೆಗಳಿಗೆ ನೀರು ಕೊಟ್ಟದ್ದು ಗಾಜನೂರು. 1950ರ ದಶಕದಲ್ಲಿ ಅಲ್ಲಿ ತುಂಗೆಗೆ ಅಣೆಕಟ್ಟೆ ಕಟ್ಟಿ ಎಡಕ್ಕೂ ಬಲಕ್ಕೂ ನಾಲೆ ತೆಗೆದರು. ಎಡದಂಡೆ ನಾಲೆ ಶಿವಮೊಗ್ಗದ ಬಗಲಲ್ಲಿ ಹಾದುಹೋಯಿತು. ಈಗ ಅದು ಬಗಲಲ್ಲಿಲ್ಲ, ಊರೇ ಅದನ್ನು ದಾಟಿ ಆಚೆ ಹೋಗಿದೆ. ನಾಲೆ ಅಂತ ಇಲ್ಲಿ ಯಾರೂ ಅನ್ನುವುದಿಲ್ಲ. ಚಾನಲ್. ಚಾನಲ್ ಏರಿ, ಚಾನಲ್ ಪಕ್ಕದ ಮನೆ, ಚಾನಲ್ ದಾಟಿ ಎರಡನೇ ತಿರುವು. ಆಟೋದವರಿಗೆ ವಿಳಾಸ ಹೇಳಲು ಇಷ್ಟು ಸಾಕು.

ಇಂಥ ನಾಲೆ ಎತ್ತರದ ಗೆರೆ ಹಿಡಿದು ಹೋಗುತ್ತದೆ. ಅದರ ಮೇಲುಗಡೆ ಖುಷ್ಕಿ, ಅಂದರೆ ಮಳೆ ನಂಬಿದ ಒಣ ಜಮೀನು; ಕೆಳಗಡೆ ತರಿ, ಅಂದರೆ ನೀರಾವರಿ ಗದ್ದೆ. ತೂಬಿನಿಂದ ಹೊರಟ ನೀರು ಹೊಲಗಾಲುವೆಯಲ್ಲಿ ಗದ್ದೆಗೆ ಬಂದು, ಮಡಿಯಿಂದ ಮಡಿಗೆ ಇಳಿದು, ಕೊನೆಗೆ ಬಸಿಗಾಲುವೆ ಸೇರಿ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ. ಆ ಇಡೀ ಏರ್ಪಾಡು ಇದ್ದದ್ದು ನೀರನ್ನು ನಿಧಾನ ಮಾಡಲು. ಪ್ರತಿ ಬದುವೂ ಒಂದು ಸಣ್ಣ ಕಟ್ಟೆ. ಜೋರು ಮಳೆ ಬಂದರೂ ಸಾವಿರ ಮಡಿಗಳು ಒಂದೊಂದು ಗೇಣು ನೀರು ಹಿಡಿದುಕೊಂಡು ಆಮೇಲೆ ಬಿಡುತ್ತಿದ್ದವು. ಈಗ ಅದೇ ಇಳಿಜಾರಿನಲ್ಲಿ ಕಾಂಕ್ರೀಟ್ ರಸ್ತೆ, ಟೈಲ್ಸ್ ಹಾಕಿದ ಅಂಗಳ, ಟೆರೇಸು. ಬಿದ್ದ ನೀರು ಬಿದ್ದ ಕ್ಷಣವೇ ಹೊರಡುತ್ತದೆ. ಎರಡಡಿ ಅಗಲದ ಬಸಿಗಾಲುವೆಯನ್ನೇ ಚರಂಡಿ ಮಾಡಿ ಮೇಲೆ ಚಪ್ಪಡಿ ಹಾಕಿರುತ್ತಾರೆ. ಹಿಡಿಯುತ್ತದಾ? ಹಿಡಿಯುವುದಿಲ್ಲ. ಜೋರು ಮಳೆ ಬಂದ ರಾತ್ರಿ ತಗ್ಗಿನ ಬಡಾವಣೆಗಳಲ್ಲಿ ಮನೆಯೊಳಗೆ ನೀರು ಬಂತು ಅನ್ನುವ ಸುದ್ದಿ ಬರುವುದು ಇದಕ್ಕೇ. ಅಲ್ಲಿ ಮಳೆ ಜಾಸ್ತಿ ಬಿದ್ದಿದೆ ಅಂತಲ್ಲ.

ಹಳೇ ಊರಿನವರಿಗೆ ಈ ತಾಪತ್ರಯದ ಅರಿವು ಇತ್ತು ಅನ್ನಿಸುತ್ತದೆ. ಕೋಟೆ ಇರುವುದು ಹೊಳೆ ಪಕ್ಕದಲ್ಲೇ. ಕೋಟೆ ಆಂಜನೇಯ, ಭೀಮೇಶ್ವರ, ಮಾರಿಕಾಂಬೆ, ಶಿವಪ್ಪ ನಾಯಕನ ಹೆಸರಿನ ಅರಮನೆ ಎಲ್ಲ ಆ ಸುತ್ತಲೇ. (ಈಗಿರುವ ಕಟ್ಟಡ ಹೈದರಾಲಿ ಕಾಲದ್ದು ಅನ್ನುವ ಇತಿಹಾಸಕಾರರೂ ಇದ್ದಾರೆ. ಊರಿನವರ ಬಾಯಲ್ಲಿ ಮಾತ್ರ ಅದು ಶಿವಪ್ಪ ನಾಯಕನ ಅರಮನೆಯೇ.) ಗಾಂಧಿ ಬಜಾರ್ ಅಲ್ಲಿಂದ ಹೊರಟು ಊರಿನ ಒಳಕ್ಕೆ ಬರುತ್ತದೆ. ಅಂಗಡಿ ಮುಂದೆ, ಮನೆ ಹಿಂದೆ, ಅಗಲ ಕಮ್ಮಿ, ಉದ್ದ ಜಾಸ್ತಿ. ಆ ಹಳೇ ಕಟ್ಟಡಗಳ ಮುಂದೆ ನಿಂತರೆ ಒಂದು ವಿಚಿತ್ರ ಕಾಣುತ್ತದೆ. ಕೆಲವು ಅಂಗಡಿಗಳಿಗೆ ಈಗ ಮೆಟ್ಟಿಲು ಇಳಿದು ಹೋಗಬೇಕು. ಕಟ್ಟಿದಾಗ ಹತ್ತಿ ಹೋಗುತ್ತಿದ್ದರು. ಅಂಗಡಿ ಕುಸಿದಿಲ್ಲ, ರಸ್ತೆ ಎದ್ದಿದೆ. ಹಳೇ ಡಾಂಬರು ಕೀಳದೆ ಮೇಲೆ ಮೇಲೆ ಹಾಕುತ್ತಾ ಬಂದರೆ ಇನ್ನೇನಾಗುತ್ತದೆ? ಅದಕ್ಕೇ ಈಗ ಪ್ಲಿಂತ್, ಅಂದರೆ ಮನೆಯ ನೆಲಮಟ್ಟ, ಎಷ್ಟು ಎತ್ತರ ಇಡೋಣ ಅಂತ ಕೇಳಿದವರಿಗೆ, ಈಗಿನ ರಸ್ತೆ ನೋಡಬೇಡಿ, ಇನ್ನು ಇಪ್ಪತ್ತು ವರ್ಷದ ಮೇಲಿನ ರಸ್ತೆ ನೋಡಿ ಅನ್ನುತ್ತೇನೆ.

ಕೋಟೆಯಿಂದ ಸ್ವಲ್ಪ ಈಚೆ ಬಂದರೆ ದುರ್ಗಿಗುಡಿ, ತಿಲಕ್ ನಗರ, ಜಯನಗರ. ಇಲ್ಲಿ ನನಗೆ ಇಡೀ ಊರಿನಲ್ಲೇ ಬಹಳ ಹಿಡಿಸುವ ಒಂದು ವಸ್ತು ಇದೆ, ಕನ್ಸರ್ವೆನ್ಸಿ. ಎರಡು ಸಾಲು ಮನೆಗಳ ಬೆನ್ನಿಗೆ ಬೆನ್ನು, ನಡುವೆ ಒಂದು ಓಣಿ. ಹೊರಗಿನವರಿಗೆ ಇಂಥ ಓಣಿ ಇದೆ ಅಂತಲೇ ಗೊತ್ತಾಗುತ್ತಿರಲಿಲ್ಲ. ಗೊತ್ತಾಗಬಾರದು ಅಂತಲೇ ಮಾಡಿದ್ದು. ಮನೆ ಹಿಂದಿನ ಕಕ್ಕಸಿಗೆ ಓಣಿಯ ಕಡೆಯಿಂದ ಒಂದು ಸಣ್ಣ ಬಾಗಿಲು. ಬೆಳಕು ಹರಿಯುವ ಮೊದಲು ಬಂದು, ಆ ಬಾಗಿಲು ತೆಗೆದು, ಮಲ ಬಳಿದು, ತಲೆ ಮೇಲೆ ಹೊತ್ತು ಹೋಗಬೇಕಿತ್ತು. ಹೊರುವವರು ಮುಂದಿನ ರಸ್ತೆಯಲ್ಲಿ ಕಾಣಬಾರದು. ಊರಿನ ನಕ್ಷೆಯಲ್ಲೇ ಜಾತಿಯನ್ನು ಇಷ್ಟು ಸಲೀಸಾಗಿ ಬರೆದಿಟ್ಟದ್ದು ಇನ್ನೊಂದು ನನಗೆ ಗೊತ್ತಿಲ್ಲ. ಬರೆದವರು ಅದನ್ನು ಶುಚಿತ್ವದ ಯೋಜನೆ ಅಂದುಕೊಂಡಿದ್ದರು.

1970ರ ದಶಕದ ಆರಂಭದಲ್ಲಿ, ಬಿ. ಬಸವಲಿಂಗಪ್ಪನವರು ಪೌರಾಡಳಿತ ಮಂತ್ರಿಯಾಗಿದ್ದಾಗ, ಮಲ ಹೊರುವುದನ್ನು ರಾಜ್ಯದಲ್ಲಿ ನಿಷೇಧ ಮಾಡಿದರು. ಓಣಿಗೆ ಕೆಲಸ ಇಲ್ಲವಾಯಿತು. ಕೆಲಸ ಇಲ್ಲದ ಸರ್ಕಾರಿ ಜಾಗಕ್ಕೆ ಏನಾಗುತ್ತದೋ ಅದೇ ಆಯಿತು. ಒಬ್ಬರು ಬಚ್ಚಲು ಮುಂದಕ್ಕೆ ತಂದರು, ಒಬ್ಬರು ಜನರೇಟರ್ ಇಟ್ಟರು, ಹೋಟೆಲಿನವರು ಪಾತ್ರೆ ತೊಳೆಯಲು ಕೂತರು, ಉಳಿದ ಜಾಗಕ್ಕೆ ಕಸ. ಹಂದಿ ಮತ್ತು ನಾಯಿಗಳ ರಾಜ್ಯ. ನಾನು ಈ ವೃತ್ತಿಗೆ ಬಂದ ಹೊಸದರಲ್ಲಿ ಹಳೇ ಮನೆ ಅಳತೆಗೆ ಹೋದರೆ ಹಿಂದಿನ ಗೋಡೆ ಅಳೆಯಲು ಮೂಗು ಮುಚ್ಚಿಕೊಂಡು ಓಡಿ ಬರುತ್ತಿದ್ದೆ.

2016ರ ಸೆಪ್ಟೆಂಬರ್‌ನಲ್ಲಿ ಶಿವಮೊಗ್ಗ ಸ್ಮಾರ್ಟ್ ಸಿಟಿ ಪಟ್ಟಿಗೆ ಬಂತು. ಆಮೇಲೆ ವರ್ಷಗಟ್ಟಲೆ ಊರು ಅಗೆದೇ ಅಗೆದರು. ಧೂಳು, ಗುಂಡಿ, ಹಾಕಿದ ಟೈಲ್ಸ್ ಮತ್ತೆ ಕಿತ್ತು ಪೈಪ್ ಹಾಕುವುದು, ಎಲ್ಲ ಆಯಿತು. ಬೈದುಕೊಳ್ಳದವರು ಯಾರೂ ಇಲ್ಲ. ಕೆಲವು ಕಡೆ ಫುಟ್‌ಪಾತು ಎಷ್ಟು ಎತ್ತರ ಇದೆ ಎಂದರೆ ವಯಸ್ಸಾದವರು ಹತ್ತಲಾರದೆ ರಸ್ತೆಯಲ್ಲೇ ನಡೆಯುತ್ತಾರೆ. ಆದರೆ ಆ ಯೋಜನೆಯಲ್ಲಿ ಒಂದು ಕೆಲಸ ನಿಜಕ್ಕೂ ಒಳ್ಳೆಯದಾಯಿತು ಅಂತ ನಾನು ವಾದ ಮಾಡುತ್ತೇನೆ. ಅದು ಈ ಕನ್ಸರ್ವೆನ್ಸಿಗಳು. ಎಷ್ಟೋ ಓಣಿಗಳನ್ನು ತೆರವು ಮಾಡಿ, ನೆಲಕ್ಕೆ ಇಟ್ಟಿಗೆ ಹಾಸಿ, ದೀಪ ಹಾಕಿದರು. ಈಗ ಅಲ್ಲಿ ಬೈಕ್ ನಿಲ್ಲಿಸುತ್ತಾರೆ, ಟ್ಯೂಷನ್ ಮುಗಿಸಿದ ಮಕ್ಕಳು ಅಡ್ಡದಾರಿ ಹಿಡಿಯುತ್ತಾರೆ, ಎಲ್ಲೋ ಒಂದು ಕಡೆ ಟೀ ಅಂಗಡಿ. ಹೊಸ ಜಾಗ ಒಂದಡಿಯೂ ಬೇಕಾಗಲಿಲ್ಲ. ಇದ್ದುದನ್ನೇ ಊರಿಗೆ ವಾಪಸ್ ಕೊಟ್ಟದ್ದು.

ಹೋದಾಗ ಗೋಡೆಯ ಬುಡ ನೋಡಿ. ಮೊಣಕಾಲೆತ್ತರದಲ್ಲಿ ಅಲ್ಲಲ್ಲಿ ಚೌಕಾಕಾರದ ತೇಪೆ ಕಾಣುತ್ತದೆ. ಸುತ್ತಲಿನ ಗೋಡೆ ಜಂಬಿಟ್ಟಿಗೆಯದ್ದು, ತೇಪೆ ಮಾತ್ರ ಸುಟ್ಟ ಇಟ್ಟಿಗೆಯದ್ದು, ಸಿಮೆಂಟ್ ಬೇರೆ ಬಣ್ಣ. ಒಂದೆರಡು ಕಡೆ ತುಕ್ಕು ಹಿಡಿದ ತಿರುಗಣಿಯ ತುಂಡು ಇನ್ನೂ ಗೋಡೆಯಲ್ಲೇ ಇದೆ. ಅವೇ ಆ ಬಾಗಿಲುಗಳು. ಬಣ್ಣ ಬಳಿದು ಚಿತ್ರ ಬರೆಸುವವರು ಮುಂದೊಂದು ದಿನ ಇದನ್ನೂ ಮುಚ್ಚುತ್ತಾರೇನೋ. ಮುಚ್ಚದಿದ್ದರೆ ಒಳ್ಳೆಯದಿತ್ತು.

ರೈಲಿನ ಕಥೆ ಬೇರೆ ಥರ. ಬೀರೂರಿನಿಂದ ಶಿವಮೊಗ್ಗಕ್ಕೆ 1899ರಲ್ಲೇ ರೈಲು ಬಂತು. ಅಲ್ಲಿಂದ ಮುಂದೆ ಸಾಗರ ದಾಟಿ ತಾಳಗುಪ್ಪದವರೆಗೆ ಹಳಿ ಮುಟ್ಟಿದ್ದು 1940ರ ಹೊತ್ತಿಗೆ. ಆಗ ಆ ಹಳಿ ಊರಿನ ಹೊರಗೆ ಹೋಗುತ್ತಿತ್ತು. ಊರು ಬೆಳೆದು ಹಳಿ ದಾಟಿತು, ಸವಳಂಗ ರಸ್ತೆ ಉದ್ದಕ್ಕೆ ನವುಲೆಯವರೆಗೂ ಹೋಯಿತು, ಯಾರಿಗೂ ತೊಂದರೆ ಅನ್ನಿಸಲಿಲ್ಲ. ಯಾಕೆಂದರೆ ರೈಲೇ ಕಮ್ಮಿ. ಕೊನೆಕೊನೆಗೆ ಆ ದಾರಿಯಲ್ಲಿ ರೈಲ್ ಬಸ್ ಓಡುತ್ತಿತ್ತು, ಗೇಟು ಹಾಕಿದ್ದು ನೆನಪೇ ಇಲ್ಲ ಅನ್ನುವಷ್ಟು ಅಪರೂಪ. 2011ರಲ್ಲಿ ತಾಳಗುಪ್ಪಕ್ಕೆ ಬ್ರಾಡ್‌ಗೇಜ್ ಆಯಿತು. ರೈಲುಗಳು ಬಂದವು. ಬೆಂಗಳೂರಿಗೆ ಹೋಗುವವರಿಗೆಲ್ಲ ಖುಷಿ. ಆದರೆ ಇಷ್ಟು ವರ್ಷ ಇಲ್ಲದಂತಿದ್ದ ಗೆರೆ ಏಕಾಏಕಿ ಗೋಡೆ ಆಯಿತು. ಗೇಟಿನ ಎರಡೂ ಕಡೆ ಕಾಲೇಜು ಬಸ್ಸು, ಆಂಬುಲೆನ್ಸು, ಹಾಲಿನ ಗಾಡಿ. ಈಗ ಸವಳಂಗ ರಸ್ತೆಯಲ್ಲಿ ಮೇಲ್ಸೇತುವೆ ಆಗಿದೆ. ವಿದ್ಯಾನಗರದಲ್ಲಂತೂ ವೃತ್ತಾಕಾರದ ಮೇಲ್ಸೇತುವೆ, ಮೊದಲ ಸಲ ಹತ್ತಿದವರು ಎಲ್ಲಿ ಇಳಿಯಬೇಕು ಅಂತ ತಿಳಿಯದೆ ಇನ್ನೊಂದು ಸುತ್ತು ಹಾಕುತ್ತಾರೆ. ಸೇತುವೆ ಬಂದಲ್ಲಿ ಕೆಳಗಿನ ಅಂಗಡಿಗಳ ವ್ಯಾಪಾರ ಬಿತ್ತು. ಗೇಟು ಬಿದ್ದಾಗ ನಿಲ್ಲುತ್ತಿದ್ದ ಜನವೇ ಅವರ ಗಿರಾಕಿಗಳಾಗಿದ್ದರು.

ವಿನೋಬನಗರದ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. 100 ಅಡಿ ರಸ್ತೆ ಬಿಟ್ಟವರಿಗೆ ದೂರದೃಷ್ಟಿ ಇತ್ತು. ಬಿಟ್ಟಾಗ ಇಷ್ಟು ದೊಡ್ಡ ರಸ್ತೆ ಯಾರಿಗೆ ಅಂತ ಜನ ಆಡಿಕೊಂಡಿರಬೇಕು. ಈಗ ಅದೂ ಸಾಲುವುದಿಲ್ಲ.

ಊರು ಇಷ್ಟು ಬೇಗ ಹರಡಿದ್ದು ಯಾಕೆ ಅಂದರೆ ಜನ ಸೈಟು ಕೊಂಡರು. 2011ರ ಜನಗಣತಿಯಲ್ಲಿ ನಗರದ ಜನಸಂಖ್ಯೆ 3.22 ಲಕ್ಷ. ಆದರೆ ಸೈಟು ಕೊಂಡವರೆಲ್ಲ ಇಲ್ಲಿರುವವರಲ್ಲ. ನನ್ನ ಗಿರಾಕಿಗಳಲ್ಲಿ ಬಹಳ ಜನ ತೀರ್ಥಹಳ್ಳಿ, ಹೊಸನಗರ, ಸಾಗರ, ಕೊಪ್ಪದ ಕಡೆಯ ತೋಟದವರು. ಅಡಿಕೆ ಮಂಡಿಗೆ ಬಂದವರು ಮಧ್ಯಾಹ್ನ ನನ್ನ ಆಫೀಸಿಗೂ ಬರುತ್ತಾರೆ. ಅಡಿಕೆಯ ಬಗೆಗಳಾದ ಸರಕು, ಬೆಟ್ಟೆ, ರಾಶಿ, ಗೊರಬಲು ಯಾವುದಕ್ಕೆ ಇವತ್ತು ಎಷ್ಟು ಅಂತ ಹೇಳಿಯೇ ಮನೆ ಮಾತು ಶುರು. ರಾಶಿಗೆ ದರ ಬಂದ ವರ್ಷ ಮೊದಲ ಮಹಡಿ ಸೇರಿಕೊಳ್ಳುತ್ತದೆ. ದರ ಬಿದ್ದ ವರ್ಷ, "ಸದ್ಯಕ್ಕೆ ಕಾಲಮ್ ಬಿಟ್ಟಿರಿ, ಮೇಲೆ ಆಮೇಲೆ ನೋಡುವ." ಅಡಿಕೆ ದರವನ್ನು ಊರಿನ ಕಬ್ಬಿಣದಲ್ಲಿ ಓದಬಹುದು. ತಾರಸಿ ಮೇಲೆ ತುಕ್ಕು ಹಿಡಿದು ನಿಂತ ಸರಳುಗಳನ್ನು ಎಣಿಸಿದರೆ ಸಾಕು.

ಇವರಿಗೆ ಮಕ್ಕಳ ಓದಿಗೆ ಒಂದು ಮನೆ ಬೇಕು, ಅಪ್ಪ ಅಮ್ಮನಿಗೆ ಆಸ್ಪತ್ರೆ ಹತ್ತಿರ ಬೇಕು. ತಪ್ಪೇನಿಲ್ಲ. ಆದರೆ ಮಲೆನಾಡಿನ ಮನೆಯನ್ನು 1,200 ಚದರಡಿಗೆ ಇಳಿಸುವುದು ಕಷ್ಟ. ಜಗಲಿ ಬೇಕು ಅನ್ನುತ್ತಾರೆ. ಕಾರು ನಿಲ್ಲಿಸಿದ ಮೇಲೆ ಉಳಿಯುವುದು ಚಪ್ಪಲಿ ಬಿಡುವಷ್ಟು ಜಾಗ. ಅಂಗಳ ಟೆರೇಸಿಗೆ ಹತ್ತುತ್ತದೆ. ಟೆರೇಸು ಮಳೆಗೆ ಸೋರುತ್ತದೆ, ಮೇಲೆ ಶೀಟು ಬರುತ್ತದೆ. ಶೀಟಿನ ಕೆಳಗೆ ಬಟ್ಟೆ, ಹಪ್ಪಳ, ಹಳೇ ಪೆಟ್ಟಿಗೆ. ಎತ್ತರದಿಂದ ನೋಡಿದರೆ ಹೊಸ ಬಡಾವಣೆಗಳೆಲ್ಲ ನೀಲಿ, ಕೆಂಪು ಶೀಟಿನ ಸಾಲುಗಳು. ನಾನು ಬರೆದುಕೊಟ್ಟ ಯಾವ ಪ್ಲಾನಿನಲ್ಲೂ ಶೀಟು ಇರಲಿಲ್ಲ. ಕಟ್ಟಿದ ಎಲ್ಲ ಮನೆಗಳ ಮೇಲೂ ಇದೆ. ಈಗ ನಾನೇ ಮೊದಲೇ ಇಳಿಜಾರು ಛಾವಣಿ ಹಾಕೋಣ ಅನ್ನುತ್ತೇನೆ. "ಹಳ್ಳಿ ಮನೆ ಥರ ಕಾಣುತ್ತಲ್ಲ ಸಾರ್" ಅನ್ನುತ್ತಾರೆ.

ಹೊಳೆಯ ವಿಚಾರಕ್ಕೆ ಬರೋಣ. ಶಿವಮೊಗ್ಗದಲ್ಲಿ ಹೊಳೆ ಎಷ್ಟು ಬಂದಿದೆ ಅಂತ ಅಳೆಯಲು ಜನಕ್ಕೆ ಮೀಟರ್ ಬೇಡ. ಕೋರ್ಪಲಯ್ಯನ ಛತ್ರದ ಹತ್ತಿರ ನೀರಿನಲ್ಲಿರುವ ಮಂಟಪ ಸಾಕು. ಮಂಟಪ ಮುಳುಗಿತಾ? ಮುಳುಗಿದರೆ ಊರಿಗೆ ಊರೇ ನೋಡಲು ಹೋಗುತ್ತದೆ. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು, ಕೊಡೆ ಹಿಡಿದುಕೊಂಡು, ಜೋಳ ತಿನ್ನುತ್ತಾ. ಮಳೆ ಹೊಡೆಯುವುದು ಶೃಂಗೇರಿ, ಆಗುಂಬೆ, ತೀರ್ಥಹಳ್ಳಿ ಕಡೆ. ಇಲ್ಲಿ ಬಿಸಿಲಿದ್ದರೂ ಹೊಳೆ ತುಂಬಿರಬಹುದು. ಗಾಜನೂರಿನಲ್ಲಿ ಹಳೇ ಅಣೆಕಟ್ಟೆಯ ಕೆಳಗೇ ಈಗಿರುವ ಡ್ಯಾಮಿಗೆ 22 ಗೇಟು. ಅದು ನೀರು ತುಂಬಿಟ್ಟುಕೊಳ್ಳುವ ದೊಡ್ಡ ಡ್ಯಾಮಲ್ಲ. ಮೇಲಿನಿಂದ ಬಂದದ್ದನ್ನು ಬಿಡಲೇಬೇಕು.

2019ರ ಆಗಸ್ಟ್‌ನಲ್ಲಿ ಮಂಟಪ ನೋಡಲು ಹೋದವರು ವಾಪಸ್ ಓಡಿ ಬಂದರು. ಹೊಳೆಯೇ ಊರೊಳಗೆ ಬಂತು. ಕುಂಬಾರಗುಂಡಿ, ಸೀಗೆಹಟ್ಟಿ, ಇಮಾಂಬಾಡಾ, ಬಾಪೂಜಿ ನಗರ, ಆಚೆ ದಂಡೆಯಲ್ಲಿ ವಿದ್ಯಾನಗರದ ತಗ್ಗು, ಎಲ್ಲ ಕಡೆ ನೀರು. ನನ್ನ ಕೆಲವು ಮೇಸ್ತ್ರಿಗಳ ಮನೆ ಅಲ್ಲೇ. ನೀರು ಇಳಿದ ಮೇಲೆ ಒಬ್ಬನ ಮನೆಗೆ ಹೋದೆ. ಮಣ್ಣಿನ ಗೋಡೆ ಕರಗಿ ಬುಡ ತೆಳ್ಳಗಾಗಿತ್ತು. ರೇಷನ್ ಅಕ್ಕಿ ಮೂಟೆಯಲ್ಲೇ ಕೊಳೆತು ನಾರುತ್ತಿತ್ತು. ಅವನು ಅಳಲಿಲ್ಲ. ಅಳತೆ ಟೇಪ್ ತೆಗೆದು ಗೋಡೆ ಮೇಲಿನ ನೀರಿನ ಗುರುತು ಎಷ್ಟು ಎತ್ತರ ಅಂತ ನನಗೆ ತೋರಿಸಿದ. "ಸಾರ್, ಮುಂದಿನ ಸಲ ಇದರ ಮೇಲೆ ಕಟ್ತೀನಿ." ಕಟ್ಟಿದ್ದಾನೆ. ಪಕ್ಕದವನಿಗೆ ಅಷ್ಟು ಎತ್ತರಿಸಲು ದುಡ್ಡಿಲ್ಲ. ಇನ್ನು ಮುಂದೆ ಆ ನೀರೂ ಅವನ ಪಾಲಿಗೆ.

ಅದಾದ ಮೇಲೆ ನದಿ ದಂಡೆಯನ್ನು ಅಭಿವೃದ್ಧಿ ಮಾಡಿದರು. ಓಡಾಡಲು ದಾರಿ, ಕೂರಲು ಬೆಂಚು, ದೀಪ. ಸಂಜೆ ಹೊತ್ತು ಚೆನ್ನಾಗಿದೆ, ನಾನೂ ಹೋಗುತ್ತೇನೆ. ನನ್ನ ತಕರಾರು ಒಂದೇ. ಹೊಳೆಯ ಪಕ್ಕ ಗೋಡೆ ಎತ್ತರಿಸಿದರೆ ಹೊಳೆ ನೀರು ಒಳಗೆ ಬರುವುದು ತಪ್ಪಬಹುದು. ಊರಿನ ಮಳೆ ನೀರು ಹೊಳೆಗೆ ಇಳಿಯುವ ಬಾಯಿಗಳು ಸಾಕಷ್ಟು ದೊಡ್ಡದಿವೆಯಾ? ಹೊಳೆ ತುಂಬಿದಾಗ ಅದೇ ಬಾಯಿಂದ ನೀರು ಹಿಂದಕ್ಕೆ ಬರುತ್ತದೆ. ಚಾನಲ್ ಕೆಳಗಿನ ಬಡಾವಣೆಗಳ ನೀರೂ ಕೊನೆಗೆ ಬಂದು ನಿಲ್ಲುವುದು ಇಲ್ಲೇ. ಮೇಲಿನವರ ಟೈಲ್ಸ್ ಹಾಕಿದ ಅಂಗಳಕ್ಕೂ ಕುಂಬಾರಗುಂಡಿಯ ಕರಗಿದ ಗೋಡೆಗೂ ನಡುವೆ ಸಂಬಂಧ ಇದೆ. ಲೇಔಟ್ ಮಂಜೂರಾತಿಯ ಕಡತದಲ್ಲಿ ಅದನ್ನು ಬರೆಯಲು ಒಂದು ಕಾಲಮ್ ಇಲ್ಲ.

ಈಗ ಊರು ಹೊರಟಿರುವುದು ಸೋಗಾನೆ ಕಡೆಗೆ. 2023ರ ಫೆಬ್ರವರಿಯಲ್ಲಿ ಅಲ್ಲಿ ವಿಮಾನ ನಿಲ್ದಾಣ ಉದ್ಘಾಟನೆ ಆಯಿತು, ಕುವೆಂಪು ಅವರ ಹೆಸರು ಇಟ್ಟಿದ್ದಾರೆ. ರನ್‌ವೇ 3,200 ಮೀಟರ್. ಊರಿನ ನಡುವೆ ಇದ್ದ ಹಳೇ ಜೈಲು ಇದಕ್ಕೂ ಮುಂಚೆಯೇ ಸೋಗಾನೆಗೆ ಹೋಗಿತ್ತು. ಹಳೇ ಜೈಲಿನ ಜಾಗ ಫ್ರೀಡಂ ಪಾರ್ಕ್ ಆಗಿ ಈಗ ಅಲ್ಲಮಪ್ರಭುವಿನ ಹೆಸರು ಪಡೆದಿದೆ. ಅಷ್ಟು ದೊಡ್ಡ ಜಾಗವನ್ನು ಕಾಂಪ್ಲೆಕ್ಸ್ ಮಾಡದೆ ಬಯಲಾಗಿ ಉಳಿಸಿದ್ದಕ್ಕೆ ಯಾರಿಗೆ ಥ್ಯಾಂಕ್ಸ್ ಹೇಳಬೇಕೋ ಅವರಿಗೆ ಹೇಳುತ್ತೇನೆ. ಸೋಗಾನೆ ದಾರಿಯಲ್ಲಿ ಮಾತ್ರ ಬಯಲು ಉಳಿಯುವ ಲಕ್ಷಣ ಇಲ್ಲ. ಎಲ್ಲಿ ನೋಡಿದರೂ ಬೋರ್ಡು. ಏರ್‌ಪೋರ್ಟಿಗೆ ಐದೇ ನಿಮಿಷ. ಇ-ಖಾತಾ ಸಿದ್ಧ. ಬ್ಯಾಂಕ್ ಸಾಲ ಲಭ್ಯ. ಬೋರ್ಡಿನ ಹಿಂದೆ ಕೆಂಪು ಗ್ರಾವೆಲ್ ಹೊಡೆದ ಗದ್ದೆ.

ಹೋದ ತಿಂಗಳು ತೀರ್ಥಹಳ್ಳಿ ಕಡೆಯ ನೆಂಟರೊಬ್ಬರು ಫೋನ್ ಮಾಡಿದ್ದರು. ನನಗೆ ಭಾವ ಆಗಬೇಕು. ಆ ಕಡೆಯೇ ಒಂದು ಸೈಟು ನೋಡಿದ್ದಾರಂತೆ, ಅಡ್ವಾನ್ಸ್ ಕೊಡಬಹುದಾ ಅಂತ ಕೇಳಿದರು.

"ಪಹಣಿಯಲ್ಲಿ ಹಿಂದೆ ತರಿ ಅಂತ ಇತ್ತಾ, ಖುಷ್ಕಿ ಅಂತ ಇತ್ತಾ ಭಾವ?"

"ಅದೆಲ್ಲ ಎಂತಕ್ಕೆ ಮಾರಾಯ, ಅಲಿನೇಷನ್ ಆಗಿದೆ, ಈಗ ಅದು ಕೃಷಿ ಜಮೀನಲ್ಲ."

"ಆಗ್ಲಿ. ಮೊಬೈಲಲ್ಲಿ ದಿಶಾಂಕ್ ಆ್ಯಪ್ ಹಾಕ್ಕೊಳ್ಳಿ. ಸೈಟ್ ಮೇಲೆ ನಿಂತು ತೆಗೆದರೆ ಸರ್ವೆ ನಂಬರ್ ತೋರಿಸುತ್ತೆ, ಪಕ್ಕದಲ್ಲಿ ಹಳ್ಳ ಗಿಳ್ಳ ಇದ್ದರೂ ಗೊತ್ತಾಗುತ್ತೆ. ಹಳ್ಳ, ದಾರಿ ಅಂತ ಸಾರ್ವಜನಿಕಕ್ಕೆ ಬಿಟ್ಟ ಬಿ ಖರಾಬು ಎಷ್ಟಿದೆ ಕೇಳಿ. ಆಮೇಲೆ ಜುಲೈಯಲ್ಲಿ ಒಂದು ಸಲ ಹೋಗಿ ಬನ್ನಿ, ಆಗ ಅಡ್ವಾನ್ಸ್ ಕೊಡಿ."

"ಜುಲೈಯಲ್ಲಾ? ಮಳೇಲಿ ಅಲ್ಲಿಗೆ ಯಾರು ಹೋಗ್ತಾರೆ, ಕಾರು ಹುಗಿದುಹೋಗುತ್ತೆ ಅಂತ ಆ ಬ್ರೋಕರೇ ಹೇಳ್ತಿದ್ದ."

ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಭಾವನೇ ನಕ್ಕರು. ಅಡ್ವಾನ್ಸ್ ಇನ್ನೂ ಕೊಟ್ಟಿಲ್ಲ. ಸರ್ವೆ ನಂಬರ್ ವಾಟ್ಸ್ಆ್ಯಪ್ ಮಾಡಿದ್ದಾರೆ, ಹಳೇ ನಕಾಶೆ ತೆಗೆಸಿ ನೋಡಬೇಕು.